‘ನಾನು’ ಎಂಬುದಕ್ಕೆ ಸಿಗುವ ಮರುನುಡಿ: ಸರ್ವನಾಮ, ಸಂಬೋಧನೆ ಮತ್ತು ಸ್ವಪ್ರಜ್ಞೆಯ ಚರಿತ್ರೆ

ಮನುಷ್ಯನ ಸ್ವಪ್ರಜ್ಞೆಯನ್ನು ರೂಪಿಸುವುದು ಸಮಾಜವೋ ಭಾಷೆಯೋ ಎಂಬ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಎರಡು ಫ್ರೆಂಚ್ ಪ್ರಬಂಧಗಳು ಎರಡು ದಿಕ್ಕಿನ ಉತ್ತರಗಳನ್ನು ನೀಡಿವೆ. ‘ವ್ಯಕ್ತಿ’ ಎಂಬ ಪರಿಕಲ್ಪನೆಯು ಪಾತ್ರ, ಮುಖವಾಡ, ಕಾನೂನು ಮತ್ತು ಧರ್ಮಗಳ ಮೂಲಕ ಹಂತಹಂತವಾಗಿ ಕಟ್ಟಿಕೊಂಡು ಬಂದದ್ದೆಂದು ಮಾರ್ಸೆಲ್ ಮೋಸ್ 1938ರಲ್ಲಿ ವಾದಿಸಿದರು. ಆದರೆ ‘ನಾನು’ ಎಂಬ ಪದವೇ ಇಲ್ಲದ ಭಾಷೆಯಿತ್ತೆಂದು ತಾವು ಹೇಳುತ್ತಿಲ್ಲವೆಂದು ಸ್ಪಷ್ಟಪಡಿಸಿ ಅವರು ಭಾಷೆಯ ವಿಚಾರವನ್ನು ಬದಿಗಿರಿಸಿದರು. ಇಪ್ಪತ್ತು ವರ್ಷಗಳ ತರುವಾಯ, 1958ರಲ್ಲಿ, ಎಮಿಲ್ ಬೆನ್ವೆನಿಸ್ತ್ ಆ ಬದಿಗಿರಿಸಿದ ವಿಚಾರವನ್ನೇ ಕೈಗೆತ್ತಿಕೊಂಡರು. ಅವರ ಪ್ರಕಾರ ‘ನಾನು’ ಯಾವ ನಿರ್ದಿಷ್ಟ ವ್ಯಕ್ತಿಯನ್ನೂ ಹೆಸರಿಸದ ಬರಿದಾದ ರೂಪ. ಅದನ್ನು ಉಚ್ಚರಿಸುವವನು ಆ ಕ್ಷಣದಲ್ಲಿ ಅದನ್ನು ತನ್ನದಾಗಿಸಿಕೊಂಡು ಕರ್ತೃವಾಗುತ್ತಾನೆ.

ಈ ಎರಡು ನಿಲುವುಗಳ ನಡುವೆ ಉಳಿದುಹೋದ ಒಂದು ಅಂಶವನ್ನು ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸುತ್ತೇವೆ. ‘ನಾನು’ ಎಂಬ ರೂಪವು ವ್ಯಾಕರಣದಲ್ಲಿ ಎಲ್ಲರಿಗೂ ತೆರೆದಿರಬಹುದು. ಅದನ್ನು ಆಡಿದಾಗ ದೊರೆಯುವ ಮರುನುಡಿ ಎಲ್ಲರಿಗೂ ಒಂದೇ ಆಗಿರಲಿಲ್ಲ. ಸಾಮಾಜಿಕ ಶಕ್ತಿಗಳು ಅನುಭವವನ್ನು ರೂಪಿಸುವ ಜಾಗವನ್ನು ಸರ್ವನಾಮಗಳ ಪಟ್ಟಿಯಲ್ಲಿ ಹುಡುಕುವುದಕ್ಕಿಂತ ಸಂಬೋಧನೆ ಮತ್ತು ಪ್ರತಿಸಂಬೋಧನೆಗಳ ಜೋಡಿಯಲ್ಲಿ ಹುಡುಕಬೇಕೆಂಬುದು ನಮ್ಮ ವಾದ.

ಮೊದಲು ಒಂದು ಎಚ್ಚರಿಕೆ ಅಗತ್ಯ. ತಮಿಳಿನ ‘ನಾಮ್’ ಮತ್ತು ‘ನಾಂಗಳ್’, ತೆಲುಗಿನ ‘ಮನಮು’ ಮತ್ತು ‘ಮೇಮು’, ತುಳುವಿನ ‘ನಮ’ ಮತ್ತು ‘ಎಂಕುಳು’ ಕೇಳುಗನನ್ನು ಒಳಗೊಳ್ಳುವ ಹಾಗೂ ಹೊರಗಿಡುವ ಎರಡು ಬಗೆಯ ಉತ್ತಮಪುರುಷ ಬಹುವಚನಗಳನ್ನು ಬೇರ್ಪಡಿಸುತ್ತವೆ. ಹೊಸಗನ್ನಡದಲ್ಲಿ ಇವೆರಡಕ್ಕೂ ‘ನಾವು’ ಒಂದೇ. ಹೀಗಿದ್ದರೂ ಕನ್ನಡಿಗರಿಗೆ ಒಳಗಿನವರಾರು, ಹೊರಗಿನವರಾರು ಎಂಬ ಅರಿವು ತುಳುವರಿಗಿಂತ ಮಂದವಾಗಿದೆಯೆಂದು ಯಾರೂ ಹೇಳಲಾರರು. ಮಂಗಳೂರಿನ ಒಬ್ಬನೇ ದ್ವಿಭಾಷಿಕನು ತುಳುವಿನಿಂದ ಕನ್ನಡಕ್ಕೆ ಹೊರಳಿದಾಗ ಅವನ ಬಳಗದ ಗಡಿಗಳು ಅಳಿಸಿಹೋಗುವುದಿಲ್ಲ. ಆದ್ದರಿಂದ ವ್ಯಾಕರಣದಲ್ಲಿ ಒಂದು ಭೇದ ಇದೆಯೋ ಇಲ್ಲವೋ ಎಂಬುದರಿಂದ ನೇರವಾಗಿ ಅನುಭವದ ಸ್ವರೂಪವನ್ನು ಊಹಿಸುವುದು ಅಪಾಯಕರ. ಈ ಪ್ರಬಂಧದ ‘ನಾವು’ ಓದುಗರನ್ನು ಒಳಗೊಂಡಿದೆಯೇ ಎಂಬುದನ್ನು ಸಹ ಸಂದರ್ಭವೇ ತಿಳಿಸಬೇಕು, ರೂಪವಲ್ಲ.

ಮರುನುಡಿಯ ಅಸಮಾನತೆಯು ಭಾರತೀಯ ವ್ಯಾಕರಣ ಪರಂಪರೆಯ ಹೃದಯದಲ್ಲಿಯೇ ಸೂತ್ರಬದ್ಧವಾಗಿದೆ. ಪಾಣಿನಿಯ ಅಷ್ಟಾಧ್ಯಾಯಿಯ 8.2.83ನೆಯ ಸೂತ್ರವು ಪ್ರತ್ಯಭಿವಾದನೆಗೆ, ಅಂದರೆ ನಮಸ್ಕರಿಸಿದವನಿಗೆ ಹಿರಿಯನು ಹೇಳುವ ಮರುಮಾತಿಗೆ, ಸಂಬಂಧಿಸಿದ್ದು. ಆ ಮರುಮಾತಿನ ಕೊನೆಯ ಸ್ವರವು ಪ್ಲುತವಾಗುತ್ತದೆ, ಮೂರು ಮಾತ್ರೆಗಳಷ್ಟು ಎಳೆಯಲ್ಪಡುತ್ತದೆ. ನಮಸ್ಕರಿಸಿದವನು ಶೂದ್ರನಾಗಿದ್ದರೆ ಮಾತ್ರ ಇಲ್ಲ. ಕಾತ್ಯಾಯನನ ವಾರ್ತಿಕವು ಈ ನಿಷೇಧವನ್ನು ಸ್ತ್ರೀಯರಿಗೂ ಅಸೂಯಾಪರರಿಗೂ ವಿಸ್ತರಿಸುತ್ತದೆ. ಕಾಶಿಕಾವೃತ್ತಿಯ ಉದಾಹರಣೆಗಳು ಇಲ್ಲಿ ವಿಶೇಷವಾಗಿ ಗಮನಾರ್ಹ. ದೇವದತ್ತನು ತನ್ನ ಹೆಸರನ್ನು ಹೇಳಿ, ‘ಅಹಮ್’ ಎಂದು ಸೇರಿಸಿ ನಮಸ್ಕರಿಸುತ್ತಾನೆ. ತುಷಜಕನೂ ಅದೇ ವಾಕ್ಯರಚನೆಯಲ್ಲಿ, ಅದೇ ‘ಅಹಮ್’ ಬಳಸಿ ನಮಸ್ಕರಿಸುತ್ತಾನೆ. ಇಬ್ಬರಿಗೂ ಸಿಗುವ ಆಯುಷ್ಯದ ಹಾರೈಕೆಯೂ ಒಂದೇ. ದೇವದತ್ತನ ಹೆಸರಿನ ಕೊನೆ ದೀರ್ಘವಾಗಿ ಅನುರಣಿಸುತ್ತದೆ. ತುಷಜಕನ ಹೆಸರು ಮೊಟಕಾಗಿ ನಿಲ್ಲುತ್ತದೆ. ‘ತುಷ’ವೆಂದರೆ ಹೊಟ್ಟು, ಶೂದ್ರನ ಹೆಸರು ಜುಗುಪ್ಸೆಯನ್ನು ಸೂಚಿಸಬೇಕೆಂಬ ಮನುಸ್ಮೃತಿಯ ವಿಧಿಯನ್ನು ಈ ಹೆಸರು ನೆನಪಿಸುತ್ತದೆ.

ಉತ್ತಮಪುರುಷವನ್ನು ಬಳಸುವ ಹಕ್ಕು ಇಲ್ಲಿ ಇಬ್ಬರಿಗೂ ಇದೆ. ಭೇದವಿರುವುದು ಒಂದು ಸ್ವರದ ಕಾಲಮಾನದಲ್ಲಿ, ಅದೂ ಎದುರಿನವನ ಬಾಯಲ್ಲಿ. ಪತಂಜಲಿಯು ಮಹಾಭಾಷ್ಯದ ಆರಂಭದಲ್ಲಿ ವ್ಯಾಕರಣಾಧ್ಯಯನದ ಪ್ರಯೋಜನಗಳನ್ನು ಪಟ್ಟಿಮಾಡುವಾಗ ಇದೇ ಪ್ರಸಂಗವನ್ನು ತರುತ್ತಾನೆ: ಪ್ಲುತದಿಂದ ಉತ್ತರಿಸಲು ತಿಳಿಯದವರನ್ನು ಸ್ತ್ರೀಯರನ್ನು ನಮಸ್ಕರಿಸುವಂತೆ, ಹೆಸರು ಹೇಳದೆ ಬರಿಯ ‘ಇದು ನಾನು’ ಎಂಬಷ್ಟರಿಂದ ನಮಸ್ಕರಿಸಬಹುದು, ನಾವು ಅಂಥ ಸ್ತ್ರೀಸಮಾನ ಸ್ಥಿತಿಗೆ ಬರದಿರಲೆಂದು ವ್ಯಾಕರಣವನ್ನು ಓದಬೇಕು. ಹೆಸರಿಲ್ಲದ ‘ನಾನು’ ಇಲ್ಲಿ ಕೇಳುಗನ ಕೆಳಸ್ಥಾನದ ಗುರುತು. ಬೆನ್ವೆನಿಸ್ತ್ ಶುದ್ಧ ರೂಪವೆಂದು ಕಂಡದ್ದು ಪತಂಜಲಿಯ ಕಾಲಕ್ಕೇ ಅಂತಸ್ತಿನ ಭಾರ ಹೊತ್ತಿತ್ತು.

ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕೆಂದು ನಮಗೆ ತೋರುತ್ತದೆ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ, ಸೂಳೆ ಸಂಕವ್ವೆ: ಇವುಗಳ ಮೊದಲ ಪದವು ಕುಲವನ್ನೋ ಕಸುಬನ್ನೋ ಮರೆಮಾಚದೆ ಹೇಳುತ್ತದೆ, ಕೊನೆಯ ‘ಅಯ್ಯ’, ‘ಅಮ್ಮ’, ‘ಅವ್ವೆ’ಗಳು ಗೌರವವನ್ನು ಸೇರಿಸುತ್ತವೆ. ಪ್ಲುತವನ್ನು ನಿರಾಕರಿಸಲಾಗಿದ್ದ ಎರಡು ವರ್ಗಗಳಿಗೆ, ಶೂದ್ರರಿಗೂ ಸ್ತ್ರೀಯರಿಗೂ, ಹೆಸರಿನ ಅದೇ ಕೊನೆಯ ತಾಣದಲ್ಲಿ ಗೌರವ ದೊರೆತಿದೆ. ಈ ಪ್ರತ್ಯಯಗಳನ್ನು ಶರಣರೇ ಸೃಷ್ಟಿಸಿದರೆಂದು ನಾವು ಹೇಳುತ್ತಿಲ್ಲ. ಅವು ಕನ್ನಡದ ಬಂಧುವಾಚಕಗಳು. ವಚನಗಳ ಸಂಕಲನಗಳು ತಡವಾಗಿ ಸಿದ್ಧಗೊಂಡಿರುವುದರಿಂದ ಸಂಕಲನಕಾರರ ಕೈವಾಡವನ್ನೂ ಅಲ್ಲಗಳೆಯಲಾಗದು. ಆದರೂ ಒಂದು ಸಮುದಾಯವು ತನ್ನ ಸದಸ್ಯರನ್ನು ನೆನೆಯಲು ಈ ರೂಪಗಳನ್ನೇ ಆರಿಸಿಕೊಂಡಿತೆಂಬುದು ಸ್ಪಷ್ಟ. ಬಸವಣ್ಣನವರು ತಮ್ಮನ್ನು ಚೆನ್ನಯ್ಯನ ಮನೆಯ ಸಂತತಿಯೆಂದು ಕರೆದುಕೊಳ್ಳುವಾಗಲೂ ‘ನಾನು ಯಾರು’ ಎಂಬುದಕ್ಕೆ ಉತ್ತರ ಬರುವುದು ಇನ್ನೊಬ್ಬರೊಡನೆ ಹೇಳಿಕೊಂಡ ಸಂಬಂಧದಿಂದ.

ಹೆಸರಿನಿಂದ ಮತ್ತೆ ಸರ್ವನಾಮಕ್ಕೆ ಬಂದರೆ, ‘ನಾನು’ ಎಂಬ ರೂಪವನ್ನೇ ತಡೆಹಿಡಿದ ವ್ಯವಸ್ಥೆಯೊಂದು ನೆರೆಯ ಮಲಬಾರು ಮತ್ತು ತಿರುವಾಂಕೂರುಗಳಲ್ಲಿತ್ತು. ಮಲಯಾಳದ ಆಚಾರಭಾಷೆಯಲ್ಲಿ ಕೆಳಜಾತಿಯವರು ಮೇಲ್ಜಾತಿಯವರೆದುರು ‘ಞಾನ್’ ಎನ್ನದೆ ‘ಅಡಿಯನ್’, ಅಂದರೆ ಪಾದದಡಿಯವನು, ಎನ್ನಬೇಕಿತ್ತು. ತಮ್ಮ ಮನೆಯನ್ನು ‘ಕುಪ್ಪಮಾಡಂ’, ಕಸದ ಗುಡಿಸಲು, ಎಂದು ಕರೆಯಬೇಕಿತ್ತು. ವಿಲಿಯಂ ಲೋಗನ್ 1887ರಲ್ಲಿ ಪ್ರಕಟಿಸಿದ ಮಲಬಾರಿನ ಕೈಪಿಡಿಯು ವಾಸಸ್ಥಾನಕ್ಕೆ ಜಾತಿಯಿಂದ ಜಾತಿಗೆ ಬದಲಾಗುವ ಹೆಸರುಗಳನ್ನು ದಾಖಲಿಸುತ್ತದೆ: ಚೆರುಮನದು ‘ಚಾಳ’, ನಾಯರನದು ‘ವೀಡು’, ನಂಬೂದಿರಿಯದು ‘ಇಲ್ಲಂ’. ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿ ಗುಲಾಮಗಿರಿಯ ಕಾನೂನುಮಾನ್ಯತೆ 1843ರಲ್ಲಿಯೇ ರದ್ದಾಗಿತ್ತು; ತಿರುವಾಂಕೂರಿನ ಘೋಷಣೆ 1855ರದು. ಕಾನೂನು ಬದಲಾಗಿ ನಾಲ್ಕು ದಶಕಗಳಾದ ಮೇಲೂ ಲೋಗನ್‌ಗೆ ಪದಗಳ ಶ್ರೇಣಿ ಹಾಗೆಯೇ ಸಿಕ್ಕಿತು.

ಬೆನ್ವೆನಿಸ್ತ್‌ಗೆ ಇಂಥ ಆಕ್ಷೇಪವು ತಿಳಿಯದಿರಲಿಲ್ಲ. ದೂರಪ್ರಾಚ್ಯದ ಸಮಾಜಗಳಲ್ಲಿ ಸರ್ವನಾಮವನ್ನು ಬಿಟ್ಟು ಬೇರೆ ನುಡಿಗಟ್ಟು ಬಳಸುವ ರೂಢಿಯನ್ನು ಉಲ್ಲೇಖಿಸಿ, ಬದಲಿ ಪದಗಳಿಗೆ ಬೆಲೆ ಬರುವುದು ತಡೆಹಿಡಿದ ಸರ್ವನಾಮದ ಅಗೋಚರ ಇರುವಿಕೆಯಿಂದಲೇ ಎಂದು ಅವರು ಉತ್ತರಿಸಿದರು. ವ್ಯವಸ್ಥೆಯ ಮಟ್ಟದಲ್ಲಿ ಇದು ಸರಿ. ‘ಞಾನ್’ ಎಂಬುದು ತನ್ನವರ ನಡುವೆ ದಕ್ಕುತ್ತಿದ್ದುದರಿಂದಲೇ ‘ಅಡಿಯನ್’ ಅವಮಾನವಾಗುತ್ತಿತ್ತು. ಆದರೆ ಒಂದೇ ದಿನದಲ್ಲಿ, ಒಂದು ಹೊಲದ ಬದುವನ್ನು ದಾಟಿದೊಡನೆ, ತಾನು ‘ನಾನು’ ಆಗಿರುವುದನ್ನು ಬಿಟ್ಟುಕೊಡಬೇಕಾದವನ ಅನುಭವವನ್ನು ಈ ಉತ್ತರ ಮುಟ್ಟುವುದಿಲ್ಲ.

ಇದೇ ಧಾತುವಿನ ಇನ್ನೊಂದು ರೂಪವು ಈ ಅಂತರವನ್ನು ಸ್ಪಷ್ಟಪಡಿಸುತ್ತದೆ. ಶ್ರೀವೈಷ್ಣವರು ದೇವರ, ಆಚಾರ್ಯರ ಮತ್ತು ಪರಸ್ಪರರ ಎದುರು ತಮ್ಮನ್ನು ‘ಅಡಿಯೇನ್’ ಎಂದು ಕರೆದುಕೊಳ್ಳುತ್ತಾರೆ. ಮೇಲುಕೋಟೆಯಲ್ಲಿಯೂ ಈ ಮಾತು ಕಿವಿಗೆ ಬೀಳುತ್ತದೆ. ತಮಿಳಿನ ಈ ರೂಪದ ಕೊನೆಯಲ್ಲಿ ಉತ್ತಮಪುರುಷದ ‘-ಏನ್’ ಪ್ರತ್ಯಯ ಉಳಿದಿದೆ. ದಾಸನೆಂದು ಹೇಳಿಕೊಳ್ಳುವಾಗಲೂ ಹೇಳುವವನು ‘ನಾನು’. ಮಲಯಾಳದ ರೂಪದಲ್ಲಿ ಕಾಣುವುದು ಪುಲ್ಲಿಂಗ ನಾಮಪದಗಳ ‘-ಅನ್’. ಆ ಭಾಷೆಯ ಕ್ರಿಯಾಪದಕ್ಕೆ ಪುರುಷಪ್ರತ್ಯಯವಿಲ್ಲದ್ದರಿಂದ ಇಡೀ ವಾಕ್ಯದಲ್ಲಿ ಉತ್ತಮಪುರುಷದ ಗುರುತೇ ಉಳಿಯುವುದಿಲ್ಲ. ಹಾಗೆಂದು ಎರಡು ಅನುಭವಗಳ ಭೇದಕ್ಕೆ ಪ್ರತ್ಯಯವೇ ಕಾರಣವಲ್ಲ. ಶ್ರೀವೈಷ್ಣವನು ಬೇರೆಡೆ ಬೇಕೆಂದಾಗ ‘ನಾನು’ ಎನ್ನಬಲ್ಲನು. ಅವನ ವಿನಯ ಕೊಟ್ಟದ್ದು. ಮಲಬಾರಿನ ಒಕ್ಕಲಾಳಿನದು ಕಿತ್ತುಕೊಂಡದ್ದು.

ಇಂದಿನ ಕನ್ನಡದಲ್ಲಿ ‘ನಾನು’ ಎನ್ನಲು ಯಾವ ಅಡ್ಡಿಯೂ ಇಲ್ಲ. ಹೋರಾಟದ ನೆಲೆ ಮಧ್ಯಮಪುರುಷಕ್ಕೆ ಸರಿದಿದೆ. ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ 1960ರಲ್ಲಿ ಯೂರೋಪಿನ ಭಾಷೆಗಳನ್ನು ಆಧರಿಸಿ, ಮಧ್ಯಮಪುರುಷದ ಆಯ್ಕೆಯಲ್ಲಿ ಅಧಿಕಾರದ ತತ್ತ್ವವು ಹಿಂದೆ ಸರಿದು ಆತ್ಮೀಯತೆಯ ತತ್ತ್ವವು ಮೇಲುಗೈ ಪಡೆಯುತ್ತಿದೆಯೆಂದು ನಿರೂಪಿಸಿದರು. ಕನ್ನಡದ ‘ನೀನು’, ‘ನೀವು’, ‘ತಾವು’ಗಳು ಈ ನೇರ ಹಾದಿಯಲ್ಲಿ ನಡೆದಿಲ್ಲ. ಅನೇಕ ಮನೆಗಳಲ್ಲಿ ತಾಯಿ ‘ನೀನು’, ತಂದೆ ‘ನೀವು’. ಹೆಂಡತಿಯಿಂದ ಗಂಡನಿಗೆ ಬಹುವಚನ ಸಲ್ಲುತ್ತದೆ, ಮರಳಿ ಬರುವುದು ಏಕವಚನ. ದೇವರಿಗೆ ಏಕವಚನ, ಅಧಿಕಾರಿಗೆ ಬಹುವಚನ. ಆತ್ಮೀಯತೆಯೂ ಅಧೀನತೆಯೂ ಒಂದೇ ರೂಪದಲ್ಲಿ ನೆಲೆಸಿವೆ. ತಾಯಿಗೆ ಸಲ್ಲುವ ಏಕವಚನದಲ್ಲಿ ಇವೆರಡರ ಪಾಲೆಷ್ಟು ಎಂಬುದನ್ನು ರೂಪದಿಂದ ಬಿಡಿಸಲಾಗದು.

ಇಲ್ಲಿ ಕನ್ನಡ ಭಾಷಿಕರ ಅರಿವೇ ಒಂದು ಮಹತ್ವದ ಸಾಕ್ಷ್ಯ. ‘ಏಕವಚನದಲ್ಲಿ ಮಾತನಾಡಿದರು’ ಎಂಬುದು ಕನ್ನಡದಲ್ಲಿ ಒಂದು ದೂರು. ಶಾಲೆಯ ವ್ಯಾಕರಣದ ಪಾರಿಭಾಷಿಕ ಪದವು ಬೀದಿಯ ಜಗಳಕ್ಕೂ ಪತ್ರಿಕೆಯ ವರದಿಗೂ ಅವಮಾನದ ಹೆಸರಾಗಿ ಬಂದಿದೆ. ವಚನವು ಸಂಖ್ಯೆಯನ್ನು ಮಾತ್ರ ಸೂಚಿಸುತ್ತದೆಂಬ ಪಠ್ಯಪುಸ್ತಕದ ವಿವರಣೆಗಿಂತ ಈ ದೂರು ಹೆಚ್ಚು ನಿಖರವಾದ ವರ್ಣನೆ. ಸರ್ವನಾಮದ ಮೂಲಕ ತಾನು ಎಷ್ಟರವನೆಂದು ಎಣಿಸಲ್ಪಟ್ಟಿದ್ದೇನೆ ಎಂಬುದನ್ನು ಕೇಳುಗನು ಗುರುತಿಸುತ್ತಾನೆ, ಮತ್ತು ಪ್ರತಿಭಟಿಸುತ್ತಾನೆ.

ಆ ಪ್ರತಿಭಟನೆಗೆ ಬರವಣಿಗೆಯಲ್ಲಿ ದೊರೆತ ರೂಪ ದಲಿತ ಆತ್ಮಕಥನ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994) ಸರ್ಕಾರದ ಸೌಲಭ್ಯ ಪಡೆದವರನ್ನು ಅಣಕಿಸುವ ಮಾತನ್ನೇ ಶೀರ್ಷಿಕೆಯಾಗಿಸಿಕೊಂಡಿದೆ. ಇತರರು ಇಟ್ಟ ಸಂಬೋಧನೆಯನ್ನು ಮುಖಪುಟದಲ್ಲಿ ನಿಲ್ಲಿಸಿ, ಒಳಗಿನ ಪುಟಗಳಲ್ಲಿ ‘ನಾನು’ ಅದಕ್ಕೆ ಉತ್ತರಿಸುತ್ತದೆ. ಮರುನುಡಿಯ ದಿಕ್ಕು ಇಲ್ಲಿ ತಿರುಗಿದೆ.

ಈ ಚರಿತ್ರೆಯಿಂದ ವರ್ಣನಾತ್ಮಕ ಭಾಷಾವಿಜ್ಞಾನಕ್ಕೆ ಒಂದು ಹೊಣೆ ಬರುತ್ತದೆ. ನಮ್ಮ ವ್ಯಾಕರಣಗಳು ಸರ್ವನಾಮಗಳನ್ನು ಪುರುಷ ಮತ್ತು ವಚನಗಳ ಚೌಕಟ್ಟಿನಲ್ಲಿ ಜೋಡಿಸಿ, ‘ಗೌರವಾರ್ಥಕ’ ಎಂಬ ಒಂದು ಟಿಪ್ಪಣಿಯೊಡನೆ ಮುಂದೆ ಸಾಗುತ್ತವೆ. ಗೌರವವು ಕೊಡುವವರು ಮತ್ತು ಪಡೆಯುವವರ ನಡುವಿನ ವ್ಯವಹಾರವಾದ್ದರಿಂದ ಒಬ್ಬ ನಿವೇದಕನಿಂದ ಬಿಡಿಬಿಡಿಯಾಗಿ ಕೇಳಿ ಪಡೆದ ರೂಪಗಳಲ್ಲಿ ಅದು ದಾಖಲಾಗುವುದೇ ಇಲ್ಲ. ಕ್ಷೇತ್ರಕಾರ್ಯಕ್ಕೆ ಹೊರಡುವ ಸಂಶೋಧಕರು ‘ನಾನು’, ‘ನೀನು’ಗಳನ್ನು ಬರೆದುಕೊಳ್ಳುವಾಗ ಯಾರು ಯಾರಿಗೆ ಅದನ್ನು ಹೇಳಿದರು, ಮರಳಿ ಏನು ಬಂತು ಎಂಬ ಎರಡು ಅಂಕಣಗಳನ್ನು ಸೇರಿಸಬೇಕು. ಪಾಣಿನಿಯು ತನ್ನ ಕಾಲದ ಅಸಮಾನತೆಯನ್ನು ವಿಧಿಯಾಗಿ ಬರೆದನು; ಬರೆದದ್ದರಿಂದಲೇ ತುಷಜಕನಿಗೆ ಯಾವ ಸ್ವರ ದಕ್ಕಲಿಲ್ಲವೆಂಬುದು ಇಂದಿಗೂ ನಮಗೆ ತಿಳಿದಿದೆ. ನಮ್ಮ ಕಾಲದ ವ್ಯಾಕರಣಗಳು ಅಷ್ಟನ್ನೂ ದಾಖಲಿಸದಿದ್ದರೆ, ಮುಂದಿನ ಓದುಗರು ಕನ್ನಡದಲ್ಲಿ ಎಲ್ಲರನ್ನೂ ಒಂದೇ ರೀತಿಯಲ್ಲಿ ಕರೆಯಲಾಗುತ್ತಿತ್ತೆಂದು ನಂಬಿಬಿಡುವರು.