ಮುಯ್ಯಿ ತೀರದ ಕೆಲಸ

ರಾಶಿಯ ಹೊತ್ತಿಗೆ ಆಳು ಸಾಲದಿದ್ದಾಗ ನೆರೆಹೊರೆಯವರು ಬಂದು ಕೈಹಚ್ಚುವುದಕ್ಕೆ ಮುಯ್ಯಾಳು ಎಂದು ಹೆಸರು. ಇಂದು ನಿನ್ನ ಹೊಲ, ನಾಳೆ ನನ್ನದು. ಲೆಕ್ಕ ಯಾರೂ ಬರೆದಿಡುವುದಿಲ್ಲ. ಆದರೆ ಯಾರೂ ಮರೆಯುವುದೂ ಇಲ್ಲ.

ಕಂಪನಿಯೊಂದು ತನ್ನ ಕೆಲಸವನ್ನು ಊರ ಮುಂದಿಟ್ಟು 'ಬನ್ನಿ, ಮಾಡಿಕೊಡಿ' ಎಂದರೆ? ಅಂತರ್ಜಾಲದ ಮೂಲಕ ನಡೆಯುವ ಈ ವ್ಯವಹಾರಕ್ಕೆ ಅಮೆರಿಕದ ಪತ್ರಕರ್ತ ಜೆಫ್ ಹೋವ್ 2006ರಲ್ಲಿ 'ಕ್ರೌಡ್‌ಸೋರ್ಸಿಂಗ್' ಎಂದು ಹೆಸರಿಟ್ಟರು. ಕೂಸು ಮಾತ್ರ ಅದಕ್ಕೂ ಮೊದಲೇ ಹುಟ್ಟಿತ್ತು. ಕೆನಡಾದ ಗೋಲ್ಡ್‌ಕಾರ್ಪ್ ಕಂಪನಿ 2000ರಲ್ಲಿ ತನ್ನ ರೆಡ್ ಲೇಕ್ ಚಿನ್ನದ ಗಣಿಯ ಭೂಗರ್ಭ ಮಾಹಿತಿಯನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿತು. ಗಣಿ ಮಾಲೀಕರು ಬಚ್ಚಿಡುವುದೇ ಅದನ್ನು! ಎಲ್ಲಿ ಅಗೆಯಬೇಕೆಂದು ಹೇಳಿದವರಿಗೆ ಒಟ್ಟು 5.75 ಲಕ್ಷ ಡಾಲರ್ ಬಹುಮಾನ. ಮೊದಲ ಬಹುಮಾನ ಪಡೆದವರು ಆ ಗಣಿಯನ್ನು ಕಣ್ಣಾರೆ ಕಾಣದ ಆಸ್ಟ್ರೇಲಿಯಾದವರು.

ಕನ್ನಡದಲ್ಲಿ ಇದರ ರುಚಿ ತೋರಿಸಿದ್ದು 'ಲೂಸಿಯಾ'. ನಿರ್ಮಾಪಕರು ಸಿಗದ ನಿರ್ದೇಶಕ ಪವನ್ ಕುಮಾರ್ ಪ್ರೇಕ್ಷಕರಿಗೇ ಮೊರೆಯಿಟ್ಟರು. 27 ದಿನಗಳಲ್ಲಿ 110 ಜನರಿಂದ 51 ಲಕ್ಷ ರೂಪಾಯಿ ಕೂಡಿಬಂತು. ಜನರ ಹಣದಿಂದ ಚಿತ್ರ ಮಾಡುವುದು ಹೊಸದೇನಲ್ಲ. ಗುಜರಾತಿನ 5 ಲಕ್ಷ ಹೈನುಗಾರರು ತಲಾ 2 ರೂಪಾಯಿ ಕೊಟ್ಟು 1976ರಲ್ಲಿ ಶ್ಯಾಮ್ ಬೆನಗಲ್ ಅವರ 'ಮಂಥನ್' ಮಾಡಿಸಿದ್ದರು. ಆದರೆ 'ಲೂಸಿಯಾ'ಕ್ಕೆ ತಲಾ ಸರಾಸರಿ 46 ಸಾವಿರ ಬೀಳುತ್ತದೆ. ಇದು ಹುಂಡಿಗೆ ಹಾಕುವ ಚಿಲ್ಲರೆಯಲ್ಲ. ಮುಳುಗಿದರೆ ಮನೆಯಲ್ಲಿ ಉತ್ತರ ಹೇಳಬೇಕಾದ ಹಣ. ಚಿತ್ರ ಮುಳುಗಲಿಲ್ಲ. 2013ರಲ್ಲಿ ಲಂಡನ್ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಗಳಿಸಿ, ಸೆಪ್ಟೆಂಬರ್‌ನಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂತು. ಇಲ್ಲಿ ಹಣ ಹಾಕಿದವರೇ ಪ್ರಚಾರಕರೂ ಆದರೆಂಬುದು ವ್ಯಾಪಾರದ ಗುಟ್ಟು.

ಎಲ್ಲ ಕಥೆಗಳೂ ಹೀಗೆ ಮುಗಿಯುವುದಿಲ್ಲ. ಚಿತ್ರಗಳನ್ನು ಬಾಡಿಗೆಗೆ ಕೊಡುತ್ತಿದ್ದ ನೆಟ್‌ಫ್ಲಿಕ್ಸ್ ಕಂಪನಿ, ಯಾರಿಗೆ ಯಾವ ಚಿತ್ರ ಹಿಡಿಸೀತು ಎಂಬ ಅಂದಾಜನ್ನು ಶೇ 10ರಷ್ಟು ಉತ್ತಮಪಡಿಸಿದವರಿಗೆ 10 ಲಕ್ಷ ಡಾಲರ್ ಕೊಡುವುದಾಗಿ 2006ರಲ್ಲಿ ಸಾರಿತು, 2009ರಲ್ಲಿ ಕೊಟ್ಟಿತು. ಗೆದ್ದ ಸೂತ್ರವನ್ನು ಪೂರ್ತಿಯಾಗಿ ಬಳಸಲೇ ಇಲ್ಲ! ಸ್ಪರ್ಧೆಗೆಂದು ಕೊಟ್ಟ ಮಾಹಿತಿಯಲ್ಲಿ ಗಿರಾಕಿಗಳ ಹೆಸರು ತೆಗೆದಿದ್ದರೂ ಕೆಲವರನ್ನು ಪತ್ತೆಹಚ್ಚಬಹುದೆಂದು ಸಂಶೋಧಕರು ತೋರಿಸಿದರು. ವಿಷಯ ಕೋರ್ಟಿಗೆ ಹೋಗಿ, ಎರಡನೆಯ ಸ್ಪರ್ಧೆ 2010ರಲ್ಲಿ ರದ್ದಾಯಿತು.

ಬೆಳಗಾವಿಗೆ ಇದು ದೂರದ ಮಾತಲ್ಲ. ಉದ್ಯಮಬಾಗದ ಫೌಂಡ್ರಿಯೊಂದು ಎರಕದ ದೋಷ ಸರಿಪಡಿಸಲು ನಕ್ಷೆಯನ್ನು ಅಂತರ್ಜಾಲಕ್ಕೆ ಹಾಕಿದರೆ ಉಪಾಯ ಸಿಕ್ಕೀತು. ಜೊತೆಗೆ ಎದುರಾಳಿಗೆ ನಕ್ಷೆಯೂ ಸಿಕ್ಕೀತು. ಆ ನಕ್ಷೆ ಗಿರಾಕಿಯದಾಗಿದ್ದರಂತೂ ಮುಂದಿನ ಆರ್ಡರಿನ ಆಸೆ ಬಿಡಬೇಕು.

ಕೆಲಸ ಮಾಡುವವರ ಪಾಡೇನು? 2014ರಲ್ಲಿ ಕೇಂದ್ರ ಸರ್ಕಾರ ಸ್ವಚ್ಛ ಭಾರತದ ಲಾಂಛನಕ್ಕೆ ಹೀಗೆಯೇ ಜನರನ್ನು ಕರೆದಾಗ 50 ಸಾವಿರ ರೂಪಾಯಿ ಗೆದ್ದದ್ದು ಪಕ್ಕದ ಕೊಲ್ಹಾಪುರದವರು. ಇಂಥ ಸ್ಪರ್ಧೆಗಳಲ್ಲಿ ಸೋತವರ ದುಡಿಮೆಗೆ ಕೂಲಿಯಿಲ್ಲ, ಮುಯ್ಯಿಯೂ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದು ಸಹಿ ಹಾಕದೆ ಹಕ್ಕು ಇನ್ನೊಬ್ಬರಿಗೆ ಹೋಗದು. ಆದ್ದರಿಂದ ಹಿಂದವಾಡಿಯ ಕೋಣೆಯಲ್ಲಿ ಕುಳಿತು ಯಾವುದೋ ಕಂಪನಿಗೆ ಚಿತ್ರ ಬರೆದು ಕಳಿಸುವ ಹುಡುಗಿ, ಬಹುಮಾನದ ಮೊತ್ತಕ್ಕಿಂತ ಮೊದಲು ನೋಡಬೇಕಾದದ್ದು ಕೆಳಗೆ ಸಣ್ಣಕ್ಷರದಲ್ಲಿರುವ ಒಂದು ಷರತ್ತನ್ನು: ಸೋತ ಚಿತ್ರ ಯಾರದು?