ನ್ಯಾಯಾಲಯದ ಪ್ರಕರಣಗಳ ಶೀರ್ಷಿಕೆ

ವ್ಯಾಜ್ಯವೊಂದನ್ನು ಉಭಯಪಕ್ಷಗಳ ಹೆಸರಿನಿಂದ ಗುರುತಿಸುವ ಕ್ರಮವು ಭಾರತಕ್ಕೆ ಇಂಗ್ಲೆಂಡಿನ ನ್ಯಾಯಪದ್ಧತಿಯಿಂದ ಬಂದುದು. ನ್ಯಾಯಾಲಯದ ಮೊರೆಹೊಕ್ಕವನ ಹೆಸರು ಮೊದಲಿಗೂ, ಉತ್ತರ ಹೇಳಬೇಕಾದವನ ಹೆಸರು 'ವಿರುದ್ಧ' ಎಂಬುದರ ಅನಂತರವೂ ಬರುತ್ತವೆ. ಕಕ್ಷಿಗಾರರು ಎಷ್ಟೇ ಮಂದಿಯಿದ್ದರೂ ಶೀರ್ಷಿಕೆಯಲ್ಲಿ ನಿಲ್ಲುವುದು ಸಾಮಾನ್ಯವಾಗಿ ಆಯಾ ಪಕ್ಷದ ಮೊದಲನೆಯವನ ಹೆಸರು. ಉಳಿದವರು 'ಮತ್ತು ಇತರರು' ಎಂಬುದರೊಳಗೆ ಅಡಗುತ್ತಾರೆ.

ಅಪರಾಧವು ರಾಜಶಾಂತಿಗೆ ಒದಗಿದ ಭಂಗವೆಂದು ಎಣಿಸಲ್ಪಟ್ಟಿದ್ದುದರಿಂದ, ಫೌಜುದಾರಿ ಮೊಕದ್ದಮೆಗಳು ಸಾರ್ವಭೌಮನ ಹೆಸರಿನಲ್ಲಿಯೇ ನಡೆಯುತ್ತಿದ್ದವು. ಬಾಲಗಂಗಾಧರ ತಿಲಕರ ಮೇಲೆ 1897ರಲ್ಲಿ ಹೂಡಿದ ರಾಜದ್ರೋಹದ ಮೊಕದ್ದಮೆಯ ಶೀರ್ಷಿಕೆಯಲ್ಲಿ ಮೊದಲು ನಿಂತವಳು ಚಕ್ರವರ್ತಿನಿ. 1908ರಲ್ಲಿ ಅದೇ ಆಪಾದನೆಯನ್ನು ಅದೇ ದೇಶಭಕ್ತನ ಮೇಲೆ ಹೊರಿಸುವಷ್ಟರಲ್ಲಿ ವಿಕ್ಟೋರಿಯಾ ಗತಿಸಿ ಏಳನೆಯ ಎಡ್ವರ್ಡ್ ಪಟ್ಟವೇರಿದ್ದನಾಗಿ, ಆ ಸ್ಥಾನಕ್ಕೆ ಚಕ್ರವರ್ತಿ ಬಂದನು. ಗಣರಾಜ್ಯವು ಸ್ಥಾಪಿತವಾದ ಮೇಲೆ ಅಲ್ಲಿ ರಾಜ್ಯವು ನಿಂತಿತು. ಸರ್ಕಾರಗಳು ದಾವೆ ಹೂಡುವುದೂ ದಾವೆಗೆ ಗುರಿಯಾಗುವುದೂ ಯಾವ ಹೆಸರಿನಿಂದ ಎಂಬುದನ್ನು ಸಂವಿಧಾನದ 300ನೆಯ ಅನುಚ್ಛೇದವು ಗೊತ್ತುಮಾಡಿದೆ. 1973ರ ನವೆಂಬರ್ 1ರಂದು ರಾಜ್ಯದ ನಾಮಕರಣವಾದಂದಿನಿಂದ 'ಮೈಸೂರು ರಾಜ್ಯ'ವಿದ್ದೆಡೆಯಲ್ಲಿ 'ಕರ್ನಾಟಕ ರಾಜ್ಯ' ಬಂದುದೂ ಇದರ ಫಲವೇ.

ಹೆಸರುಗಳ ಅನುಕ್ರಮವು ಸೋಲುಗೆಲವುಗಳ ಗುರುತನ್ನೂ ಹೊತ್ತಿರಬಲ್ಲುದು. ಕಾಲೇಜು ಪ್ರವೇಶದಲ್ಲಿ ಕೋಮುವಾರು ಸ್ಥಾನಹಂಚಿಕೆಯನ್ನು ಪ್ರಶ್ನಿಸಿ ಚಂಪಕಂ ದೊರೈರಾಜನ್ ಮದ್ರಾಸ್ ಹೈಕೋರ್ಟಿಗೆ ಹೋದಾಗ ಆಕೆಯ ಹೆಸರು ಮೊದಲಿತ್ತು. ಸೋತ ಸರ್ಕಾರವು ಸುಪ್ರೀಂ ಕೋರ್ಟಿಗೆ ಅಪೀಲು ಹೋದುದರಿಂದ, 1951ರ ತೀರ್ಪು 'ಮದ್ರಾಸ್ ರಾಜ್ಯ ವಿರುದ್ಧ ಚಂಪಕಂ ದೊರೈರಾಜನ್' ಎಂದಾಯಿತು. ಆದಕಾರಣ ಮೊದಲ ಹೆಸರಿನವನೇ ವಾದಿಯೆಂದು ಭಾವಿಸುವುದು ಮೇಲಿನ ನ್ಯಾಯಾಲಯಗಳ ಮಟ್ಟಿಗೆ ಸಲ್ಲದು.

ಪ್ರತಿಪಕ್ಷವೇ ಇಲ್ಲದ ಶೀರ್ಷಿಕೆಗಳೂ ಉಂಟು. ರಾಷ್ಟ್ರಪತಿಗಳು ಅಭಿಪ್ರಾಯ ಕೋರಿದಾಗ ವಿಷಯವೇ ಹೆಸರಾಗುತ್ತದೆ. 1960ರ ಬೇರುಬಾರಿ ಪ್ರಕರಣವು ಅಂಥದು. ಅತ್ಯಾಚಾರಕ್ಕೀಡಾದವರ ಗುರುತನ್ನು ಪ್ರಕಟಿಸಬಾರದೆಂದು 1983ರಲ್ಲಿ ಕಾನೂನಾದ ಮೇಲೆ ಹೆಸರಿನ ಬದಲು ಅಕ್ಷರಗಳನ್ನು ಬಳಸುವ ರೂಢಿ ಬೆಳೆಯಿತು.

ಕನ್ನಡನಾಡಿನ ಕೆಳಗಿನ ನ್ಯಾಯಾಲಯಗಳ ದಾವಾಪತ್ರಗಳಲ್ಲಿ ಹೆಸರಿಗೆ 'ಬಿನ್' ಎಂದು ತಂದೆಯನ್ನೂ 'ಕೋಂ' ಎಂದು ಗಂಡನನ್ನೂ 'ಉರ್ಫ್' ಎಂದು ಅಡ್ಡಹೆಸರನ್ನೂ ಜೋಡಿಸುವ ಪದ್ಧತಿಯಿದೆ. ಒಂದೇ ಊರಿನಲ್ಲಿ ಒಂದೇ ಹೆಸರಿನವರು ಹಲವರಿರುವಾಗ ಈ ವಿವರವಿಲ್ಲದೆ ಡಿಕ್ರಿಯ ಜಾರಿಯೇ ದುಸ್ಸಾಧ್ಯ.

ಶೀರ್ಷಿಕೆಯು ಕಕ್ಷಿಗಾರನನ್ನು ಹೇಳುತ್ತದೆಯೇ ಹೊರತು ತೀರ್ಪಿನ ತತ್ತ್ವವನ್ನಲ್ಲ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿಗಳು 1970ರಲ್ಲಿ ಕೇರಳದ ಭೂಸುಧಾರಣಾ ಶಾಸನವನ್ನು ಪ್ರಶ್ನಿಸಿದರು; ಹದಿಮೂರು ನ್ಯಾಯಾಧೀಶರ ಪೀಠವು 1973ರ ಏಪ್ರಿಲ್ 24ರಂದು ಸಂವಿಧಾನದ ಮೂಲಸ್ವರೂಪವನ್ನು ತಿದ್ದುಪಡಿಯಿಂದ ಕೆಡಿಸಲಾಗದೆಂದು ಸಾರಿದರೂ, ಆ ಶಾಸನಕ್ಕೆ ರಕ್ಷಣೆ ನೀಡಿದ 29ನೆಯ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಒಂದೇ ಹೆಸರಿನ ಪ್ರಕರಣಗಳು ಅನೇಕವಿರುವುದರಿಂದ ಶೀರ್ಷಿಕೆಯೊಡನೆ ವರ್ಷವನ್ನೂ ವರದಿಯ ಸಂಪುಟ, ಪುಟಗಳನ್ನೂ ನಮೂದಿಸುವುದು ವಾಡಿಕೆ. 2023ರಿಂದ ಸುಪ್ರೀಂ ಕೋರ್ಟು ತನ್ನ ತೀರ್ಪುಗಳಿಗೆ ಪ್ರತ್ಯೇಕ ಕ್ರಮಸಂಖ್ಯೆಯನ್ನೂ ಕೊಡುತ್ತಿದೆ.