ಡಿಪ್ಲೊಮಾದಿಂದ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ: ನೇರ ಪ್ರವೇಶ ಪಡೆಯುವ ಮುನ್ನ ತಿಳಿಯಬೇಕಾದುದೇನು?

ಗದಗ: ಹತ್ತನೇ ತರಗತಿಯ ಫಲಿತಾಂಶ ಪ್ರಕಟವಾಗುತ್ತಿದ್ದಂತೆಯೇ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿಯ ಅನೇಕ ಮನೆಗಳಲ್ಲಿ ಒಂದೇ ಚರ್ಚೆ ಆರಂಭವಾಗುತ್ತದೆ. ಮಗ ಅಥವಾ ಮಗಳು ಪಿಯುಸಿ ವಿಜ್ಞಾನಕ್ಕೆ ಸೇರಬೇಕೇ, ಇಲ್ಲವೇ ಪಾಲಿಟೆಕ್ನಿಕ್‌ಗೆ ಸೇರಿ ಡಿಪ್ಲೊಮಾ ಮುಗಿಸಿ, ನೇರವಾಗಿ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬೇಕೇ? 'ಡಿಪ್ಲೊಮಾ ಮಾಡಿದರೆ ಒಂದು ವರ್ಷ ಉಳಿಯುತ್ತದೆ' ಎಂಬ ಮಾತು ಈ ಚರ್ಚೆಯಲ್ಲಿ ತಪ್ಪದೇ ಕೇಳಿಬರುತ್ತದೆ. ಆದರೆ ನಿಜವಾಗಿ ಉಳಿಯುವುದು ಏನು, ಅದಕ್ಕಾಗಿ ತೆರಬೇಕಾದ ಬೆಲೆ ಯಾವುದು ಎಂಬುದನ್ನು ಲೆಕ್ಕ ಹಾಕಿ ನೋಡುವವರು ಕಡಿಮೆ. ಆ ಲೆಕ್ಕವನ್ನು ಇಲ್ಲಿ ಒಂದೆಡೆ ಕೊಡಲಾಗಿದೆ.

ಲ್ಯಾಟರಲ್ ಪ್ರವೇಶ ಎಂದರೇನು?

ಮೂರು ವರ್ಷದ ಡಿಪ್ಲೊಮಾ ಪಡೆದ ವಿದ್ಯಾರ್ಥಿಗೆ ಬಿ.ಇ. ಮೊದಲ ವರ್ಷದಿಂದ ವಿನಾಯಿತಿ ನೀಡಿ, ಮೂರನೇ ಸೆಮಿಸ್ಟರ್‌ಗೆ ನೇರವಾಗಿ ಸೇರಿಸಿಕೊಳ್ಳುವ ವ್ಯವಸ್ಥೆಗೆ ಲ್ಯಾಟರಲ್ ಪ್ರವೇಶ ಎಂದು ಹೆಸರು. ರಾಜ್ಯದಲ್ಲಿ ಇದಕ್ಕಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ನಡೆಸಿ, ರ‍್ಯಾಂಕ್ ಆಧಾರದಲ್ಲಿ ಸೀಟು ಹಂಚುತ್ತದೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ನಿಯಮದಂತೆ ಡಿಪ್ಲೊಮಾದಲ್ಲಿ ಕನಿಷ್ಠ ಶೇ. 45 ಅಂಕ ಇರಬೇಕು. ಮೀಸಲು ವರ್ಗದವರಿಗೆ ಶೇ. 40 ಸಾಕು. ಈ ವಿದ್ಯಾರ್ಥಿಗಳಿಗೆ ಮೀಸಲಿಟ್ಟ ಹೆಚ್ಚುವರಿ ಸೀಟುಗಳ ಜೊತೆಗೆ, ಮೊದಲ ವರ್ಷದಲ್ಲಿ ಭರ್ತಿಯಾಗದೇ ಉಳಿದ ಸೀಟುಗಳೂ ದೊರೆಯುತ್ತವೆ. ಬೇಡಿಕೆ ಕಡಿಮೆಯಿರುವ ಶಾಖೆಗಳಲ್ಲಿ ಸೀಟು ಸುಲಭವಾಗಿ ಸಿಗುವುದಕ್ಕೂ, ಕಂಪ್ಯೂಟರ್ ವಿಜ್ಞಾನದಂತಹ ಶಾಖೆಗಳಲ್ಲಿ ಪೈಪೋಟಿ ಬಿರುಸಾಗಿರುವುದಕ್ಕೂ ಇದೇ ಕಾರಣ.

ವರ್ಷಗಳ ಲೆಕ್ಕ

ಹತ್ತನೇ ತರಗತಿಯ ನಂತರ ಎರಡು ವರ್ಷ ಪಿಯುಸಿ, ನಾಲ್ಕು ವರ್ಷ ಬಿ.ಇ. ಒಟ್ಟು 6 ವರ್ಷ. ಹತ್ತರ ನಂತರ ಮೂರು ವರ್ಷ ಡಿಪ್ಲೊಮಾ, ಮೂರು ವರ್ಷ ಬಿ.ಇ. ಒಟ್ಟು 6 ವರ್ಷ. ಎರಡೂ ದಾರಿಗಳು ಒಂದೇ ವರ್ಷ ಮುಗಿಯುತ್ತವೆ. ಅಂದರೆ ಲ್ಯಾಟರಲ್ ಪ್ರವೇಶವು ಯಾರಿಗೂ ಒಂದು ವರ್ಷವನ್ನು ಉಡುಗೊರೆಯಾಗಿ ಕೊಡುವುದಿಲ್ಲ. ಪಿಯುಸಿಗಿಂತ ಹೆಚ್ಚಾಗಿ ಕಳೆದ ಒಂದು ವರ್ಷವನ್ನು ಹಿಂದಿರುಗಿಸುತ್ತದೆ, ಅಷ್ಟೇ.

ಹಾಗಾದರೆ ಲಾಭವೇನು? ಆರು ವರ್ಷಗಳ ನಡುವೆ, ಮೂರನೇ ವರ್ಷದ ಕೊನೆಗೆ, ಕೈಯಲ್ಲಿ ಒಂದು ಪೂರ್ಣ ಪ್ರಮಾಣದ ವೃತ್ತಿ ಅರ್ಹತೆ ಇರುತ್ತದೆ. ಮನೆಯ ಪರಿಸ್ಥಿತಿ ಕೆಟ್ಟರೆ ಅಲ್ಲಿಯೇ ನಿಂತು ದುಡಿಯಲು ಆರಂಭಿಸಬಹುದು. ಪಿಯುಸಿ ಮುಗಿಸಿ ಬಿ.ಇ. ಒಂದನೇ ವರ್ಷದಲ್ಲಿ ಓದು ಬಿಟ್ಟವನಿಗೆ ಈ ಅನುಕೂಲವಿಲ್ಲ. ಮಳೆಯನ್ನೇ ನಂಬಿದ ಒಕ್ಕಲುತನದ ಕುಟುಂಬಗಳಿಗೂ, ಬೆಟಗೇರಿಯ ನೇಕಾರ ಕುಟುಂಬಗಳಿಗೂ ಈ ನಿಲುಗಡೆ ಸಣ್ಣ ವಿಷಯವಲ್ಲ.

ಇದಕ್ಕೆ ಪ್ರತಿಯಾಗಿ ಮುಚ್ಚುವ ಬಾಗಿಲುಗಳೂ ಇವೆ. ವೈದ್ಯಕೀಯ ಶಿಕ್ಷಣದ ನೀಟ್ ಪರೀಕ್ಷೆಗೆ ಜೀವಶಾಸ್ತ್ರ ಸಹಿತ ಹನ್ನೆರಡನೇ ತರಗತಿ ಅಗತ್ಯವಾದ್ದರಿಂದ ಪಾಲಿಟೆಕ್ನಿಕ್ ಸೇರಿದವರು ಆ ದಾರಿಯಿಂದ ದೂರ ಉಳಿಯುತ್ತಾರೆ. ಹದಿನಾರು ವರ್ಷದ ವಿದ್ಯಾರ್ಥಿಯ ಆಸಕ್ತಿ ಇನ್ನೂ ಖಚಿತವಾಗಿಲ್ಲದಿದ್ದರೆ ಇದನ್ನು ಗಂಭೀರವಾಗಿ ಪರಿಗಣಿಸಬೇಕು.

ಏನು ವರ್ಗಾವಣೆಯಾಗುತ್ತದೆ, ಏನು ಆಗುವುದಿಲ್ಲ?

1998ರಲ್ಲಿ ಸ್ಥಾಪನೆಯಾದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ, ಅಂದರೆ ವಿಟಿಯುದ, 2022ರ ಪಠ್ಯಕ್ರಮದಂತೆ ಬಿ.ಇ. ಪದವಿಗೆ 160 ಕ್ರೆಡಿಟ್ ಗಳಿಸಬೇಕು. ಇದರಲ್ಲಿ ಮೊದಲ ವರ್ಷದ ಪಾಲು 40. ಲ್ಯಾಟರಲ್ ವಿದ್ಯಾರ್ಥಿ ಗಳಿಸಬೇಕಾದುದು ಉಳಿದ 120 ಮಾತ್ರ. ಪಠ್ಯೇತರ ಚಟುವಟಿಕೆಗಳ ಅಂಕಗಳಲ್ಲೂ ಇದೇ ಅನುಪಾತವಿದ್ದು, ಇತರರಿಗೆ 100 ಇದ್ದರೆ ಇವರಿಗೆ 75. ಪದವಿ ಮುಗಿಸಲು ಇತರರಿಗೆ ಗರಿಷ್ಠ 8 ವರ್ಷಗಳ ಅವಕಾಶವಿದ್ದರೆ ಇವರಿಗೆ 6 ವರ್ಷ.

ಇಲ್ಲಿ ಅನೇಕರು ತಪ್ಪಾಗಿ ತಿಳಿಯುವ ಒಂದು ಅಂಶವಿದೆ. ವಿಶ್ವವಿದ್ಯಾಲಯವು ಡಿಪ್ಲೊಮಾದ ಅಂಕಗಳನ್ನು ಸ್ವೀಕರಿಸುವುದಿಲ್ಲ. ಅದು ಕೊಡುವುದು ಒಂದು ವರ್ಷದ ವಿನಾಯಿತಿಯನ್ನು ಮಾತ್ರ. ಡಿಪ್ಲೊಮಾದಲ್ಲಿ ಶೇ. 90 ಪಡೆದಿದ್ದರೂ ಅದು ಬಿ.ಇ. ಸರಾಸರಿ ಶ್ರೇಣಿಗೆ ಸೇರುವುದಿಲ್ಲ. ಸಿಜಿಪಿಎ ಗಣನೆ ಮೂರನೇ ಸೆಮಿಸ್ಟರ್‌ನಿಂದ, ಸೊನ್ನೆಯಿಂದ, ಆರಂಭವಾಗುತ್ತದೆ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಪ್ರತಿ ಸೆಮಿಸ್ಟರ್‌ಗೆ 20 ಕ್ರೆಡಿಟ್ ಎಂದು ಇಟ್ಟುಕೊಳ್ಳೋಣ. ಇಬ್ಬರು ವಿದ್ಯಾರ್ಥಿಗಳು ಮೂರನೇ ಸೆಮಿಸ್ಟರ್‌ನಲ್ಲಿ ಎಡವಿ 5 ಶ್ರೇಣಿ ಪಡೆದು, ಉಳಿದೆಲ್ಲ ಸೆಮಿಸ್ಟರ್‌ಗಳಲ್ಲಿ 8 ಪಡೆದರು. ಎಂಟು ಸೆಮಿಸ್ಟರ್ ಓದಿದವನ ಅಂತಿಮ ಸರಾಸರಿ 7.63 ಆದರೆ, ಆರು ಸೆಮಿಸ್ಟರ್ ಓದಿದವನದು 7.50. ವ್ಯತ್ಯಾಸ ಚಿಕ್ಕದು. ಆದರೆ ಎಡವುವ ಸಂಭವ ಹೆಚ್ಚಿರುವುದೂ ಆ ಮೂರನೇ ಸೆಮಿಸ್ಟರ್‌ನಲ್ಲೇ, ಅದೂ ಲ್ಯಾಟರಲ್ ವಿದ್ಯಾರ್ಥಿಗೇ ಎಂಬುದು ಗಮನಾರ್ಹ.

ಗಣಿತವೇ ಒರೆಗಲ್ಲು

ಬಿ.ಇ. ಮೊದಲ ವರ್ಷದಲ್ಲಿ ಕಲಿಸುವ ಗಣಿತ, ಭೌತಶಾಸ್ತ್ರ ಹಾಗೂ ರಸಾಯನಶಾಸ್ತ್ರಗಳು ಮುಂದಿನ ವಿಷಯಗಳಿಗೆ ಬುನಾದಿ. ಡಿಪ್ಲೊಮಾ ವಿದ್ಯಾರ್ಥಿಗೆ ಕಾರ್ಯಾಗಾರ, ಪ್ರಯೋಗಾಲಯ ಹಾಗೂ ನಕ್ಷೆಗಳ ಪರಿಚಯ ಸಹಪಾಠಿಗಳಿಗಿಂತ ಹೆಚ್ಚಾಗಿರುತ್ತದೆ. ಆದರೆ ಕಲನಶಾಸ್ತ್ರ, ಅವಕಲ ಸಮೀಕರಣಗಳಂತಹ ಭಾಗಗಳಲ್ಲಿ ಅಭ್ಯಾಸ ಕಡಿಮೆ. ಈ ಕೊರತೆ ವಿಶ್ವವಿದ್ಯಾಲಯಕ್ಕೂ ತಿಳಿದಿರುವಂತಹುದೇ. ವಿಟಿಯು 2018ರ ಪಠ್ಯಕ್ರಮದಲ್ಲಿ ಲ್ಯಾಟರಲ್ ವಿದ್ಯಾರ್ಥಿಗಳಿಗಾಗಿಯೇ ಮೂರು ಮತ್ತು ನಾಲ್ಕನೇ ಸೆಮಿಸ್ಟರ್‌ಗಳಲ್ಲಿ ಹೆಚ್ಚುವರಿ ಗಣಿತವನ್ನು ಕಡ್ಡಾಯಗೊಳಿಸಿತ್ತು. ಅದಕ್ಕೆ ಕ್ರೆಡಿಟ್ ಇರಲಿಲ್ಲ, ಆದರೆ ಉತ್ತೀರ್ಣರಾಗಲೇಬೇಕಿತ್ತು.

ಹೀಗಾಗಿ ವಿನಾಯಿತಿ ಪಡೆದ ವರ್ಷದ ಪಾಠ ತಪ್ಪಿಹೋಗುವುದಿಲ್ಲ. ಅದನ್ನು ಸ್ವಂತ ಪರಿಶ್ರಮದಿಂದ, ಇತರ ವಿಷಯಗಳ ಜೊತೆಯಲ್ಲೇ ಕಲಿಯಬೇಕಾಗುತ್ತದೆ. ಡಿಸಿಇಟಿ ಮುಗಿದು ತರಗತಿ ಆರಂಭವಾಗುವವರೆಗಿನ ಬಿಡುವನ್ನು ಪಿಯುಸಿಯ ಹಾಗೂ ಬಿ.ಇ. ಮೊದಲ ವರ್ಷದ ಗಣಿತಕ್ಕೆ ಮೀಸಲಿಡುವುದು ಜಾಣತನ.

ಪಿಯುಸಿ, ಐಟಿಐ ಮುಗಿಸಿದವರಿಗೆ

ಪಿಯುಸಿ ವಿಜ್ಞಾನ ಅಥವಾ ಐಟಿಐ ಉತ್ತೀರ್ಣರಾದವರಿಗೆ ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಪ್ರವೇಶದ ಅವಕಾಶವಿದೆ. ಸಿಇಟಿಯಲ್ಲಿ ನಿರೀಕ್ಷಿತ ರ‍್ಯಾಂಕ್ ಬಾರದ ಪಿಯುಸಿ ವಿದ್ಯಾರ್ಥಿಗಳು ಇದನ್ನು ಪರಿಗಣಿಸುವುದುಂಟು. ಇಲ್ಲಿ ಲೆಕ್ಕ ಬದಲಾಗುತ್ತದೆ. ಪಿಯುಸಿ 2, ಡಿಪ್ಲೊಮಾ 2, ಬಿ.ಇ. 3 ಸೇರಿ 7 ವರ್ಷ. ಎರಡು ವರ್ಷದ ಐಟಿಐ ಮುಗಿಸಿದವರಿಗೂ ಅಷ್ಟೇ. ಎರಡೆರಡು ಬಾರಿ ವಿನಾಯಿತಿ ದೊರೆತರೂ ಒಟ್ಟಿನಲ್ಲಿ ಒಂದು ವರ್ಷ ಹೆಚ್ಚೇ ಆಗುತ್ತದೆ. ಆ ಒಂದು ವರ್ಷಕ್ಕೆ ಪ್ರತಿಯಾಗಿ ಸಿಗುವುದು ಡಿಪ್ಲೊಮಾ ಪ್ರಮಾಣಪತ್ರ. ಬೇಕಾದ ಶಾಖೆಯಲ್ಲಿ ಬಿ.ಇ. ಸೀಟು ನೇರವಾಗಿ ಸಿಗುತ್ತಿದ್ದರೆ ಈ ಸುತ್ತು ದಾರಿ ಅನಗತ್ಯ.

ಊರು ಮತ್ತು ಖರ್ಚು

ಇಂಜಿನಿಯರಿಂಗ್ ಕಾಲೇಜಿಗಾಗಿ ಈ ಭಾಗದ ವಿದ್ಯಾರ್ಥಿಗಳು ಹುಬ್ಬಳ್ಳಿ-ಧಾರವಾಡಕ್ಕೇ ಹೋಗಬೇಕೆಂದಿಲ್ಲ. ಗದಗಿನಲ್ಲಿ 1979ರಲ್ಲಿ ಆರಂಭವಾದ ತೋಂಟದಾರ್ಯ ಇಂಜಿನಿಯರಿಂಗ್ ಕಾಲೇಜು, ಲಕ್ಷ್ಮೇಶ್ವರದಲ್ಲಿ ಅಗಡಿ ಇಂಜಿನಿಯರಿಂಗ್ ಕಾಲೇಜು ಇವೆ. ಎರಡೂ ವಿಟಿಯು ಸಂಯೋಜಿತ. ಮನೆಯಿಂದಲೇ ಓಡಾಡಿದರೆ ವಸತಿ ಖರ್ಚು ಉಳಿಯುತ್ತದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾದ ಮೇಲೆ, ಮುಂಡರಗಿ ಅಥವಾ ಶಿರಹಟ್ಟಿಯಿಂದ ಗದಗಿಗೆ ಬಂದು ಓದುವ ವಿದ್ಯಾರ್ಥಿನಿಯರ ಲೆಕ್ಕದಿಂದ ಬಸ್ ಪಾಸ್ ಖರ್ಚೂ ಇಲ್ಲವಾಗಿದೆ.

ಲ್ಯಾಟರಲ್ ವಿದ್ಯಾರ್ಥಿಯು ಬಿ.ಇ. ಶುಲ್ಕವನ್ನು ನಾಲ್ಕರ ಬದಲು ಮೂರು ವರ್ಷ ಮಾತ್ರ ಕಟ್ಟುತ್ತಾನೆ. ಕೆಲವು ಕುಟುಂಬಗಳಿಗೆ ನಿಜವಾದ ಉಳಿತಾಯ ಕಾಲದಲ್ಲಲ್ಲ, ಇಲ್ಲಿ. ಆದರೆ ಡಿಪ್ಲೊಮಾವನ್ನು ಸರಕಾರಿ ಪಾಲಿಟೆಕ್ನಿಕ್‌ನಲ್ಲಿ ಓದಿದವರಿಗೂ, ಖಾಸಗಿ ಸಂಸ್ಥೆಯಲ್ಲಿ ಓದಿದವರಿಗೂ ಈ ಉಳಿತಾಯ ಒಂದೇ ಆಗಿರುವುದಿಲ್ಲ. ಆರೂ ವರ್ಷಗಳ ಶುಲ್ಕವನ್ನು ಒಟ್ಟಿಗೆ ಬರೆದು ಹೋಲಿಸಬೇಕು.

ನೌಕರಿಯ ದೃಷ್ಟಿಯಿಂದ

ಲೋಕೋಪಯೋಗಿಯಂತಹ ಇಲಾಖೆಗಳ ಕಿರಿಯ ಇಂಜಿನಿಯರ್ ಹುದ್ದೆಗಳಿಗೆ ಹಾಗೂ ರೈಲ್ವೆಯ ಜೂನಿಯರ್ ಇಂಜಿನಿಯರ್ ಹುದ್ದೆಗಳಿಗೆ ಡಿಪ್ಲೊಮಾ ಸಾಕು. ಸಹಾಯಕ ಇಂಜಿನಿಯರ್ ಹುದ್ದೆಗೆ ಬಿ.ಇ. ಬೇಕು. ಉನ್ನತ ವ್ಯಾಸಂಗದ ಗೇಟ್ ಪರೀಕ್ಷೆಗೆ ಬಿ.ಇ. ಮೂರನೇ ವರ್ಷದಿಂದ ಅವಕಾಶ. ಡಿಪ್ಲೊಮಾ ಮಾತ್ರ ಇದ್ದವರಿಗೆ ಅದು ಲಭ್ಯವಿಲ್ಲ. ಬಿ.ಇ. ಪೂರೈಸಿದ ಮೇಲೆ ಲ್ಯಾಟರಲ್ ವಿದ್ಯಾರ್ಥಿಯ ಪದವಿಗೂ ಇತರರ ಪದವಿಗೂ ಮೌಲ್ಯದಲ್ಲಿ ಭೇದವಿಲ್ಲ. ವಿದೇಶಿ ವಿಶ್ವವಿದ್ಯಾಲಯಗಳು ಕೇಳುವ 16 ವರ್ಷಗಳ ಶಿಕ್ಷಣದ ಲೆಕ್ಕವೂ 10, 3, 3 ಸೇರಿ ಸರಿಹೊಂದುತ್ತದೆ.

ಹೊರದೇಶದ ಪದ್ಧತಿ

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳಿಗೆ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಗುತ್ತದೆ. ಅಲ್ಲಿ ಪ್ರೌಢಶಾಲೆಯಲ್ಲೇ ಎಪಿ ಎಂಬ ಉನ್ನತ ಮಟ್ಟದ ವಿಷಯಗಳನ್ನು ಓದಿ, ಮೇ ತಿಂಗಳಲ್ಲಿ ಪರೀಕ್ಷೆ ಬರೆಯಬಹುದು. 1ರಿಂದ 5ರವರೆಗಿನ ಶ್ರೇಣಿಯಲ್ಲಿ 3 ಅಥವಾ ಹೆಚ್ಚು ಬಂದರೆ ಅನೇಕ ಕಾಲೇಜುಗಳು ಆ ವಿಷಯಕ್ಕೆ ಕ್ರೆಡಿಟ್ ಕೊಡುತ್ತವೆ. ಅಲ್ಲಿ ಆಯ್ಕೆ ವಿಷಯವಾರು. ಗಣಿತದಲ್ಲಿ ಕ್ರೆಡಿಟ್ ಬೇಡವೆಂದು ಕಾಲೇಜಿನಲ್ಲಿ ಮತ್ತೆ ಮೊದಲಿನಿಂದ ಓದಿ, ಇತಿಹಾಸದಲ್ಲಿ ಮಾತ್ರ ಕ್ರೆಡಿಟ್ ಪಡೆಯಬಹುದು. ನಮ್ಮಲ್ಲಿ ಆ ಸ್ವಾತಂತ್ರ್ಯವಿಲ್ಲ. ಸಿಗುವುದಾದರೆ ಇಡೀ ವರ್ಷದ ವಿನಾಯಿತಿ, ಇಲ್ಲವಾದರೆ ಏನೂ ಇಲ್ಲ. ನಿಯಮದಂತೆ ಡಿಪ್ಲೊಮಾದವರಿಗೆ ಮೊದಲ ವರ್ಷದ ಪ್ರವೇಶ ಸಿಗುವುದು ಲ್ಯಾಟರಲ್ ಸೀಟುಗಳು ಮುಗಿದು, ಮೊದಲ ವರ್ಷದಲ್ಲಿ ಸೀಟು ಖಾಲಿ ಇದ್ದರೆ ಮಾತ್ರ.

ನಮ್ಮ ದೇಶದಲ್ಲಿಯೂ ಯುಜಿಸಿ 2021ರಲ್ಲಿ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕ್ ರೂಪಿಸಿತು. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲಾ ಶಿಕ್ಷಣಕ್ಕೂ ವರ್ಷಕ್ಕೆ 40 ಕ್ರೆಡಿಟ್‌ಗಳ ಅಳತೆಗೋಲು ನೀಡಿತು. ಆದರೆ ಇದನ್ನು ನಂಬಿ ಪಿಯುಸಿಯ ಕ್ರೆಡಿಟ್ ಪದವಿಗೆ ಸೇರುತ್ತದೆಂದು ಯಾರೂ ಭಾವಿಸಬಾರದು.

ನಿರ್ಧರಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

* ಹತ್ತನೇ ತರಗತಿಯಲ್ಲಿರುವವರು: ಇಂಜಿನಿಯರಿಂಗ್ ಬಿಟ್ಟು ಬೇರೆ ದಾರಿಯ ಆಸೆ ಇದೆಯೇ? ಇದ್ದರೆ ಪಿಯುಸಿ ಲೇಸು.

* ಮೂರು ವರ್ಷಗಳ ನಂತರ ದುಡಿಯಲೇಬೇಕಾದ ಸಂದರ್ಭ ಬರಬಹುದೇ? ಹಾಗಿದ್ದರೆ ಡಿಪ್ಲೊಮಾ ಭದ್ರವಾದ ಆಸರೆ.

* ಡಿಪ್ಲೊಮಾ ಕೊನೆಯ ವರ್ಷದಲ್ಲಿರುವವರು: ಗಣಿತದ ಯಾವ ಅಧ್ಯಾಯಗಳು ಬಿಟ್ಟುಹೋಗಿವೆ ಎಂದು ವಿಟಿಯು ಮೊದಲ ವರ್ಷದ ಪಠ್ಯಕ್ರಮ ಮುಂದಿಟ್ಟುಕೊಂಡು ಗುರುತಿಸಿದ್ದೀರಾ?

* ಸೇರಬಯಸುವ ಶಾಖೆ ಡಿಪ್ಲೊಮಾದ ಶಾಖೆಯೇ? ಬೇರೆಯಾದರೆ, ಅದಕ್ಕೆ ಅರ್ಹತೆ ಇದೆಯೇ ಎಂಬುದನ್ನು ಪ್ರಾಧಿಕಾರದ ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಖಚಿತಪಡಿಸಿಕೊಳ್ಳಿ.

* ಉದ್ಯೋಗದ ಆದೇಶ ಕೈಯಲ್ಲಿದೆಯೇ? ಸಂಬಳವನ್ನೂ ಮೂರು ವರ್ಷದ ಶುಲ್ಕವನ್ನೂ ಒಂದೇ ಕಾಗದದ ಮೇಲೆ ಬರೆದು ನೋಡಿ.

ಲ್ಯಾಟರಲ್ ಪ್ರವೇಶ ಗ್ರಾಮೀಣ ಹಾಗೂ ಸಣ್ಣ ಪಟ್ಟಣಗಳ ವಿದ್ಯಾರ್ಥಿಗಳಿಗೆ ತೆರೆದಿರುವ ಒಳ್ಳೆಯ ಬಾಗಿಲು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಓದಿನಿಂದ ಸಿಕ್ಕ ಬಿಡುಗಡೆಯಲ್ಲ. ವಿಶ್ವವಿದ್ಯಾಲಯ ಒಂದು ವರ್ಷದ ಶುಲ್ಕವನ್ನೂ ಪರೀಕ್ಷೆಯನ್ನೂ ಮನ್ನಾ ಮಾಡುತ್ತದೆಯೇ ಹೊರತು, ಆ ವರ್ಷದ ಪಾಠವನ್ನಲ್ಲ. ಇದನ್ನು ಮೊದಲೇ ಅರಿತು ಸಿದ್ಧರಾದವರಿಗೆ ಮೂರನೇ ಸೆಮಿಸ್ಟರ್ ಅಡ್ಡಿಯಾಗದು.